ಕಚ್ಚದವಳು, ಕೇಳಿದವನು

"ಮೊದಲೇ ಹೇಳಿಬಿಡ್ತೀನಿ," ಎಂದರು ದೊಡ್ಡಮ್ಮ. "ರಕ್ತ ಕುಡಿಯೋದು ಪಿಶಾಚಿಯ ಹೊಟ್ಟೆಪಾಡು. ಹೊಟ್ಟೆಪಾಡಿನ ಎದುರಿಗೆ ದಯೆ, ಧರ್ಮ ಅಂತ ಎಳೆದು ತಂದರೆ ಅದು ಕಥೆ ಆಗುತ್ತೆ, ಅಷ್ಟೇ."

"ಕಥೆಯೇ ತಾನೆ ದೊಡ್ಡಮ್ಮ? ಅನಿಮೆ ನೋಡ್ತಾ ಕೂತಿದ್ದೀವಿ, ವಾರ್ತೆ ಅಲ್ಲ."

ದೊಡ್ಡಮ್ಮ ಸರ್ಕಾರಿ ಆಸ್ಪತ್ರೆಗೆ ನರ್ಸ್ ಆಗಿ ಸೇರಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರ ತಂಗಿಯ ಮಗಳಿಗೆ ಬೆಂಗಳೂರಿನ ಅನಿಮೇಷನ್ ಸ್ಟುಡಿಯೊ ಒಂದರಲ್ಲಿ ಕೆಲಸ. ರಜೆಗೆ ಬಂದವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು 'ಶಿಕಿ' ಎಂಬ ಜಪಾನಿ ಸರಣಿಯ ಕೊನೆಕೊನೆಯ ಕಂತುಗಳನ್ನು ದೊಡ್ಡಮ್ಮನಿಗೆ ತೋರಿಸಿದ್ದಳು. ಬೇಕೆಂದೇ ತೋರಿಸಿದ್ದು, ಅದರಲ್ಲಿ ಒಬ್ಬಳು ನರ್ಸ್ ಇದ್ದಾಳೆ.

ಶಿಕಿ ಮೂಲತಃ ಫುಯುಮಿ ಒನೊ ಬರೆದ ಕಾದಂಬರಿ. 1998ರಲ್ಲಿ ಪ್ರಕಟವಾಯಿತು, 2010ರಲ್ಲಿ 22 ಕಂತುಗಳ ಅನಿಮೆಯಾಗಿ ಟಿವಿಗೆ ಬಂತು. ಕಥೆ ನಡೆಯುವುದು ಸೊತೊಬಾ ಎಂಬ ಬೆಟ್ಟಗುಡ್ಡದ ಹಳ್ಳಿಯಲ್ಲಿ. ಸುಮಾರು 1300 ಜನರ ಊರು. ಜಪಾನಿನಲ್ಲಿ ಈಗ ಹೆಚ್ಚುಕಡಿಮೆ ಎಲ್ಲರೂ ಶವವನ್ನು ಸುಡುತ್ತಾರೆ. ಈ ಹಳ್ಳಿಯವರು ಮಾತ್ರ ಹಳೆಯ ರೂಢಿ ಬಿಡದೆ ಹೂಳುತ್ತಾರೆ. ಇಡೀ ಕಥೆಗೆ ದಾರಿ ಮಾಡಿಕೊಡುವುದು ಈ ರೂಢಿಯೇ. ಸುಟ್ಟವರು ಎದ್ದು ಬರಲಾರರು, ಹೂತವರು ಬರಬಹುದು! ಬೇಸಿಗೆಯಲ್ಲಿ ಒಂದರ ಹಿಂದೊಂದು ಸಾವು ಸಂಭವಿಸುತ್ತದೆ. ಊರಿನ ಡಾಕ್ಟರ್ ತೊಶಿಯೊ ಒಝಾಕಿ ಯಾವುದೋ ಸಾಂಕ್ರಾಮಿಕ ಇರಬೇಕೆಂದು ಪುಸ್ತಕ ತಿರುವುತ್ತಾನೆ. ಸತ್ತವರೇ ರಾತ್ರಿ ಎದ್ದು ನೆರೆಹೊರೆಯವರ ರಕ್ತ ಹೀರುತ್ತಿದ್ದಾರೆಂದು ಗೊತ್ತಾಗುವ ಹೊತ್ತಿಗೆ ಊರಿನ ಎಷ್ಟೋ ಮನೆಗಳು ಬರಿದಾಗಿರುತ್ತವೆ. ಅವನ ಕ್ಲಿನಿಕ್ಕಿನ ನರ್ಸ್ ರಿತ್ಸುಕೊ ಕೂಡ ಹಾಗೇ ಸಾಯುತ್ತಾಳೆ, ಹಾಗೇ ಏಳುತ್ತಾಳೆ.

"ಅವಳ ಮುಂದೆ ಊಟ ಅಂತ ತಂದು ಬಿಡೋದು ಯಾರನ್ನ?" ಹುಡುಗಿ ಕೇಳಿದಳು. "ಜೊತೆಗೆ ಡ್ಯೂಟಿ ಮಾಡಿದ ಇನ್ನೊಬ್ಬ ನರ್ಸನ್ನ. ಕುಡಿಯದಿದ್ದರೆ ತಾನೇ ಸಾಯ್ತಾಳೆ. ಹಸಿವು ಏರ್ತಾನೇ ಇದೆ. ಪಕ್ಕದಲ್ಲಿ ಕೂತಿರೋ ತೊರು, ಅವಳ ಹಾಗೇ ಸತ್ತು ಎದ್ದವನು, ಒಳ್ಳೇ ಹುಡುಗನೇ. ಅವನೂ ಒಂದು ಕಾಲಕ್ಕೆ ಬೇಡ ಅಂದವನು, ಕೊನೆಗೆ ಸೋತು ಕುಡಿದವನು. ನಮ್ಮ ತಪ್ಪಲ್ಲ, ನಮಗೆ ಬೇರೆ ದಾರಿ ಇಲ್ಲ ಅಂತ ಅವಳಿಗೆ ಹೇಳ್ತಾನೆ. ಅದು ಸುಳ್ಳೂ ಅಲ್ಲ."

"ಅವಳು ಕಚ್ಚಲಿಲ್ಲ," ಎಂದರು ದೊಡ್ಡಮ್ಮ.

"ಕಚ್ಚಲಿಲ್ಲ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ದೊಡ್ಡಮ್ಮನೇ ಮತ್ತೆ ಶುರುಮಾಡಿದರು. "ಈಗ ನೀನು ಗೋವಿನ ಹಾಡಿನ ಹುಲಿ ಥರ ಅಂತೀಯ, ಗೊತ್ತು."

"ಬಾಯಿಗೆ ಬಂದಿತ್ತು. ನೀವೇ ಹೇಳಿದ್ರಿ."

"ಹಾಗಲ್ಲ ಕಣೇ. ಹುಲಿಗೆ ಮನಸ್ಸು ಕರಗಿದ್ದು ಹಸು ಕೊಟ್ಟ ಮಾತಿಗೆ ವಾಪಸ್ ಬಂತಲ್ಲ, ಅದನ್ನ ನೋಡಿ. ಪುಣ್ಯಕೋಟಿ ಬರದೇ ಹೋಗಿದ್ದರೆ? ಹಸು ತನ್ನ ಸತ್ಯವನ್ನ ಸಾಬೀತು ಮಾಡಬೇಕಾಯ್ತು, ಆಮೇಲೆ ಹುಲಿಗೆ ಕರುಣೆ ಹುಟ್ಟಿತು. ಈ ಹುಡುಗಿಗೆ ಯಾರು ಏನು ಸಾಬೀತು ಮಾಡಿ ತೋರಿಸಿದರು? ಎದುರಿಗಿದ್ದವಳು ಹೆದರಿ ನಡುಗ್ತಾ ಕೂತಿದ್ದಳು, ಅಷ್ಟೇ. ಒಳ್ಳೆಯವಳು ಅಂತ ಬಿಟ್ಟದ್ದಲ್ಲ. ನಮ್ಮ ವಾರ್ಡಿಗೆ ಕುಡಿದು ಗಾಡಿ ಓಡಿಸಿ ಬಿದ್ದವನೂ ಬರ್ತಾನೆ, ಅವನು ಗುದ್ದಿದವನೂ ಬರ್ತಾನೆ. ಇಬ್ಬರಿಗೂ ಒಂದೇ ಡ್ರಿಪ್."

ಹುಡುಗಿಗೆ ಇದು ಹಿಡಿಸಿತು, ಒಪ್ಪಿಗೆಯಾಗಲಿಲ್ಲ. ದಯೆ ಎಂದರೆ ಎದೆಯೊಳಗೆ ಏನೋ ಒಂದು ಕದಲಬೇಕು ಎನ್ನುವುದು ಅವಳ ವಾದ. ಅದಕ್ಕೆ ಸಾಕ್ಷಿಯಾಗಿ ಅವಳು 'ಬ್ಲಡ್: ದ ಲಾಸ್ಟ್ ವ್ಯಾಂಪೈರ್' ಕಥೆ ಹೇಳಿದಳು. ಪ್ರೊಡಕ್ಷನ್ ಐ.ಜಿ. ಸ್ಟುಡಿಯೊ 2000ದಲ್ಲಿ ಹೊರತಂದ, ಹಿರೊಯುಕಿ ಕಿತಾಕುಬೊ ನಿರ್ದೇಶಿಸಿದ, ಬರೀ 48 ನಿಮಿಷದ ಚಿತ್ರ ಅದು. ಕಾಲ 1966. ಜಾಗ ಟೋಕಿಯೊ ಹತ್ತಿರದ ಯೊಕೊತಾ, ಅಮೆರಿಕದ ವಾಯುನೆಲೆ. ಅಲ್ಲಿಂದ ಆಚೆ ವಿಯೆಟ್ನಾಂ ಯುದ್ಧ ನಡೆಯುತ್ತಿದೆ. ನೆಲೆಯೊಳಗಿನ ಶಾಲೆಯಲ್ಲಿ ಮನುಷ್ಯರ ವೇಷದ ರಕ್ತಹೀರುಕಗಳು ಸೇರಿಕೊಂಡಿವೆ. ಅವನ್ನು ಕೊಲ್ಲಲು ಯೂನಿಫಾರಂ ತೊಟ್ಟು, ಕತ್ತಿ ಹಿಡಿದು ಬರುವ ಸಾಯಾ ಎಂಬ ಹುಡುಗಿಯೂ ಅದೇ ಕುಲದವಳು. ಇದನ್ನೆಲ್ಲ ಕಣ್ಣಾರೆ ಕಂಡು, ಯಾರಿಗೂ ನಂಬಿಸಲಾಗದೆ ಉಳಿಯುವವಳು ಶಾಲೆಯ ನರ್ಸ್.

"ಇಲ್ಲೂ ನರ್ಸಾ?" ದೊಡ್ಡಮ್ಮ ನಕ್ಕರು. "ರಕ್ತ ಅಂದ ಕೂಡಲೇ ನಮ್ಮನ್ನ ಕರೀತಾರೆ."

"ಕೊನೆಗೆ ಒಂದು ಪಿಶಾಚಿ ರೆಕ್ಕೆ ಬಿಚ್ಚಿ, ಹೊರಡೋಕೆ ಸಜ್ಜಾದ ವಿಮಾನದ ಹಿಂದೆ ಹಾರುತ್ತೆ. ಸಾಯಾ ಅಟ್ಟಿಸಿಕೊಂಡು ಹೋಗಿ ಕಡೀತಾಳೆ. ಅದು ನೆಲಕ್ಕೆ ಬಿದ್ದು ಒದ್ದಾಡ್ತಾ ಇದೆ, ಸಾಯೋದು ಖಚಿತ. ಅವಳು ಹತ್ತಿರ ಹೋಗಿ, ಅದರ ಬಾಯಿಯ ಮೇಲೆ ಕೈ ಹಿಡಿದು, ತನ್ನ ರಕ್ತವನ್ನೇ ಅದಕ್ಕೆ ತೊಟ್ಟಿಕ್ಕಿಸ್ತಾಳೆ. ಒಂದು ಮಾತಿಲ್ಲ. ಯಾಕೆ ಅಂತ ವಿವರಣೆ ಇಲ್ಲ. ಯಾವ ನಿಯಮ ಹೇಳಿತು ಅವಳಿಗೆ ಹಾಗೆ ಮಾಡು ಅಂತ? ಮಾಡಬೇಕಿದ್ದ ಕೆಲಸ ಮುಗಿದಿತ್ತು. ಅದಾದ ಮೇಲೆ ಮಾಡಿದ್ದು ಆ ತೊಟ್ಟು."

ಈ ದೃಶ್ಯಕ್ಕೆ ಜಪಾನಿನಲ್ಲಿ ಬಹಳ ಹಳೆಯ ನೆಂಟನೊಬ್ಬ ಇದ್ದಾನೆ ಎಂದಳು ಹುಡುಗಿ. ಸ್ಟೋರಿಬೋರ್ಡ್ ಪಾಠದಲ್ಲಿ ಅವಳಿಗೆ ತೋರಿಸಿದ್ದ ಚಿತ್ರ ಅದು. ನಾರಾ ಬಳಿಯ ಹೊರ್ಯುಜಿ ದೇವಾಲಯದಲ್ಲಿ 7ನೇ ಶತಮಾನದ ಒಂದು ಮರದ ಪುಟ್ಟ ಗುಡಿ ಇದೆ, ತಮಾಮುಶಿ ಝುಶಿ ಅಂತ ಹೆಸರು. ಅದರ ಲೋಹದ ಜಾಲರಿ ಕೆಲಸದ ಅಡಿಯಲ್ಲಿ ಹೊಳೆಯುವ ದುಂಬಿಯ ರೆಕ್ಕೆಗಳನ್ನು ಹಾಸಿದ್ದರಂತೆ, ಆ ದುಂಬಿಯದೇ ಹೆಸರು ಗುಡಿಗೂ ಬಂದಿದೆ. ಪೀಠದ ಒಂದು ಬದಿಯಲ್ಲಿ ಜಾತಕ ಕಥೆ: ಹಸಿದ ಹೆಣ್ಣುಹುಲಿ, ಅದರ ಮರಿಗಳು, ಅವನ್ನು ಉಳಿಸಲು ಮೈಯನ್ನೇ ಕೊಡುವ ರಾಜಕುಮಾರ. ಒಂದೇ ಹಲಗೆಯ ಮೇಲೆ ಅವನು ಮೂರು ಸಲ ಕಾಣಿಸಿಕೊಳ್ಳುತ್ತಾನೆ. ಮೇಲೆ ಮೈಮೇಲಿನ ಬಟ್ಟೆ ತೆಗೆದು ಮರಕ್ಕೆ ತೂಗುಹಾಕುತ್ತಿದ್ದಾನೆ. ನಡುವೆ ತಲೆಕೆಳಗಾಗಿ ಬೀಳುತ್ತಿದ್ದಾನೆ. ಕೆಳಗೆ, ಬಿದಿರಿನ ಗಿಡಗಳ ಆಚೆ, ಹುಲಿಗಳು ತಿನ್ನುತ್ತಿವೆ.

"ಮೂರು ಕೀ ಫ್ರೇಮು," ಎಂದಳು. "ನಡುವಿನ ಚಿತ್ರಗಳನ್ನ ನೋಡುವವರ ಕಣ್ಣೇ ತುಂಬಿಕೊಳ್ಳಬೇಕು. ನಾವು ಸ್ಟುಡಿಯೊದಲ್ಲಿ ಈಗಲೂ ಅದನ್ನೇ ಮಾಡೋದು."

ದೊಡ್ಡಮ್ಮ ಫೋನಿನಲ್ಲಿ ಆ ಚಿತ್ರವನ್ನು ಹಿಗ್ಗಿಸಿ ನೋಡಿದರು. "ಬಟ್ಟೆ ಮಡಚಿ ಮರಕ್ಕೆ ಹಾಕಿದ್ದಾನಲ್ಲ, ಅದು ಚೆನ್ನಾಗಿದೆ. ಹುಲಿಗೆ ತೊಡಕಾಗಬಾರದು ಅಂತ ಇರಬೇಕು. ಆದರೆ ನಿನ್ನ ಸಾಯಾ ಬೇರೆ. ರಾಜಕುಮಾರ ಹುಲಿಗೆ ಗಾಯ ಮಾಡಿರಲಿಲ್ಲ. ಇವಳು ತಾನೇ ಕಡಿದು, ತಾನೇ ತೊಟ್ಟು ಹಾಕ್ತಾಳೆ. ಅದನ್ನ ದಯೆ ಅಂತೀಯೋ, ಮನಸ್ಸಿನ ಭಾರ ಇಳಿಸಿಕೊಂಡದ್ದು ಅಂತೀಯೋ? ಅದಕ್ಕೆ ಬೇಕಿತ್ತಾ ಅಂತ ಅವಳು ಕೇಳಿದಳಾ?"

"ಸಾಯೋ ಪಿಶಾಚಿನ ಏನಂತ ಕೇಳೋದು ದೊಡ್ಡಮ್ಮ?"

"ಅದೇ ನಾನೂ ಹೇಳ್ತಿರೋದು," ಎಂದು ಅವರು ಆ ಮಾತನ್ನು ಅಲ್ಲಿಗೇ ಬಿಟ್ಟರು.

ಮಾತು ಯಂತ್ರಗಳ ಕಡೆಗೆ ಹೊರಳಿದ್ದು 'ಟ್ರಿನಿಟಿ ಬ್ಲಡ್' ದೆಸೆಯಿಂದ. ಸುನಾವೊ ಯೊಶಿದಾ ಬರೆದ ಕಾದಂಬರಿ ಮಾಲೆ. ಲೇಖಕ 2004ರಲ್ಲಿ ತೀರಿಕೊಂಡ. ಗೊಂಜೊ ಸ್ಟುಡಿಯೊದ 24 ಕಂತುಗಳ ಅನಿಮೆ ಮರುವರ್ಷ ಬಂತು. ಮಹಾಯುದ್ಧದ ನಂತರದ ಭೂಮಿ, ಒಂದು ಕಡೆ ವ್ಯಾಟಿಕನ್, ಇನ್ನೊಂದು ಕಡೆ ರಕ್ತಪಿಶಾಚಿಗಳ ಸಾಮ್ರಾಜ್ಯ. ಅಲ್ಲಿ ಇಬ್ಬರು ಪಾದ್ರಿಗಳು. ಆಬೆಲ್ ಎಂಬವನು ಪಿಶಾಚಿಗಳ ರಕ್ತವನ್ನೇ ಕುಡಿಯುವ ಪಿಶಾಚಿ, ಆದರೂ ಯಾರನ್ನೂ ಕೊಲ್ಲಲು ಅವನಿಗೆ ಮನಸ್ಸಿಲ್ಲ. ತ್ರೆಸ್ ಎಂಬವನದು ಯಂತ್ರದ ಮೈ, ಎರಡೂ ಕೈಯಲ್ಲಿ ಬಂದೂಕು. ಯಾರು ಏನು ಕೇಳಿದರೂ ಪಾಸಿಟಿವ್, ನೆಗೆಟಿವ್ ಎನ್ನುವುದು ಅವನ ಭಾಷೆ. ತಾನು ಮನುಷ್ಯನಲ್ಲ, ಯಂತ್ರ ಎನ್ನುತ್ತಲೇ ಇರುತ್ತಾನೆ.

"ಇಬ್ಬರನ್ನೂ ಜೋಡಿ ಮಾಡಿದ್ದರಲ್ಲೇ ಪ್ರಶ್ನೆ ಇದೆ," ಎಂದಳು ಹುಡುಗಿ. "ಪಿಶಾಚಿಗೆ ಮನಸ್ಸಿದೆ, ಹಸಿವು ಅಡ್ಡ ಬರುತ್ತೆ. ಯಂತ್ರಕ್ಕೆ ಹಸಿವಿಲ್ಲ, ಆಜ್ಞೆ ಅಡ್ಡ ಬರುತ್ತೆ. ಪಿಶಾಚಿ ದಯೆ ತೋರಿಸಬೇಕಾದರೆ ಹೊಟ್ಟೆ ಕಟ್ಟಬೇಕು. ಯಂತ್ರ ದಯೆ ತೋರಿಸಬೇಕಾದರೆ ಹೇಳಿದ ಮಾತು ಮೀರಬೇಕು. ಮೀರೋಕೆ ಬರದ ಯಂತ್ರ ಎಷ್ಟು ಒಳ್ಳೇ ಕೆಲಸ ಮಾಡಿದರೂ ಅದು ದಯೆ ಅಲ್ಲ, ಸೆಟ್ಟಿಂಗು."

ದೊಡ್ಡಮ್ಮನಿಗೆ ಸಿಟ್ಟು ಬಂತು, ನಿಜವಾಗಿಯೂ ಬಂತು. "ನಿನಗೆ ರಾತ್ರಿ ಮೂರು ಗಂಟೆಯ ವಾರ್ಡ್ ಗೊತ್ತಿಲ್ಲ. ಐವತ್ತು ಹಾಸಿಗೆಗೆ ಇಬ್ಬರು ನರ್ಸು. ಅಷ್ಟು ಹೊತ್ತಿಗೆ ಎದೆಯೊಳಗೆ ಏನೂ ಕದಲೋದಿಲ್ಲ. ಕಾಲು ನೋಯ್ತಿರುತ್ತೆ, ಅಷ್ಟೇ. ಆದರೂ ಎರಡೆರಡು ಗಂಟೆಗೆ ರೋಗಿಯನ್ನ ಮಗ್ಗುಲು ಬದಲಿಸಿ ಮಲಗಿಸ್ತೀವಿ, ಬೆನ್ನಲ್ಲಿ ಹುಣ್ಣು ಆಗಬಾರದು ಅಂತ. ಯಾಕೆ? ಚಾರ್ಟಿನಲ್ಲಿ ಬರೆದಿದೆ. ಪ್ರೀತಿ ಉಕ್ಕಿದಾಗ ಮಾತ್ರ ಮಗ್ಗುಲು ಬದಲಿಸೋದಾದರೆ ರೋಗಿಯ ಗತಿ ಏನು? ನಿಯಮ ಅಂದರೆ ಸೆಟ್ಟಿಂಗು ಅಂತ ಹಗುರಾಗಿ ಮಾತಾಡಬೇಡ. ಯಾರೋ ಎಚ್ಚರವಾಗಿದ್ದಾಗ ಯೋಚಿಸಿ, ನಾವು ಸೋತಾಗ ಕೆಲಸಕ್ಕೆ ಬರಲಿ ಅಂತ ಬರೆದಿಟ್ಟದ್ದು ಅದು."

ಹುಡುಗಿ ಬೈಸಿಕೊಂಡು ನಕ್ಕಳು. ಮೊದಲ ಟಿವಿ ಅನಿಮೆಗಳಲ್ಲೊಂದನ್ನು ಮಾಡಿದವನೂ ಆಸ್ಪತ್ರೆಯ ಕಡೆಯವನೇ ಎಂದು ನೆನಪಿಸಿದಳು. ಒಸಾಮು ತೆಜುಕಾ ಒಸಾಕಾದಲ್ಲಿ ವೈದ್ಯಕೀಯ ಓದಿ, ವೈದ್ಯನ ಪರವಾನಗಿಯನ್ನೂ ಪಡೆದು, ಚಿತ್ರಕಥೆಯ ಕಡೆ ಬಂದವನು. 1952ರಲ್ಲಿ ಅವನು ಶುರುಮಾಡಿದ ಕಥೆಯ ನಾಯಕ ಅತೊಮ್, ಹೊರದೇಶಗಳಿಗೆ ಆಸ್ಟ್ರೋ ಬಾಯ್. ಸತ್ತ ಮಗನ ಬದಲಿಗೆ ವಿಜ್ಞಾನಿ ತೆನ್ಮಾ ಕಟ್ಟಿದ ಯಂತ್ರಬಾಲಕ. ಮಗು ಬೆಳೆಯುವುದಿಲ್ಲ ಎಂದು ಗೊತ್ತಾದಾಗ ತೆನ್ಮಾ ಅವನನ್ನು ಸರ್ಕಸ್ಸಿಗೆ ಮಾರುತ್ತಾನೆ; ಒಚಾನೊಮಿಜು ಎಂಬ ಇನ್ನೊಬ್ಬ ಪ್ರೊಫೆಸರ್ ಬಿಡಿಸಿ ತರುತ್ತಾನೆ. 1963ರ ಜನವರಿ 1ರಂದು ಅತೊಮ್ ಟಿವಿಗೆ ಬಂದ. ವಾರಕ್ಕೊಂದು ಕಂತು ಕೊಡಬೇಕು, ದುಡ್ಡಿಲ್ಲ, ಹೊತ್ತಿಲ್ಲ. ಹಾಗಾಗಿ ಚಿತ್ರಗಳ ಸಂಖ್ಯೆ ಇಳಿಸಿದರು. ಮುಖ ನಿಶ್ಚಲ, ತುಟಿ ಮಾತ್ರ ಆಡುತ್ತದೆ. ಒಮ್ಮೆ ಬರೆದ ಹಾರಾಟವನ್ನು ಹತ್ತು ಕಂತಿಗೆ ಬಳಸುತ್ತಾರೆ. ಜಪಾನಿನ ಟಿವಿ ಅನಿಮೆ ಬಡತನದಲ್ಲಿ ಕಲಿತ ಈ ಮಿತವ್ಯಯ ಮುಂದೆ ಅದರ ಶೈಲಿಯೇ ಆಯಿತು.

"ನಿಯಮದ ಪರವಾಗಿ ನಿಮಗೆ ನಾನೇ ಒಂದು ಸಾಕ್ಷಿ ಕೊಡ್ತೀನಿ," ಎಂದಳು. "ನನ್ನ ವಾದಕ್ಕೇ ಏಟು ಬೀಳುತ್ತೆ, ಆದರೂ."

ಯಸುಹಿರೊ ಯೊಶಿಉರಾ 2008ರಲ್ಲಿ ಶುರುಮಾಡಿದ 'ಟೈಮ್ ಆಫ್ ಈವ್' ಆರೇ ಕಂತುಗಳ ಕಿರುಸರಣಿ. ಮನೆಮನೆಯಲ್ಲೂ ಆಂಡ್ರಾಯ್ಡ್ ಆಳುಗಳು ಇರುವ ಕಾಲ. ನೋಡಿದರೆ ಮನುಷ್ಯರೇ, ತಲೆಯ ಮೇಲೆ ತಿರುಗುವ ಬೆಳಕಿನ ಉಂಗುರ ಇದ್ದರೆ ಯಂತ್ರ ಎಂದು ಗುರುತು. ಓಣಿಯೊಂದರ ನೆಲಮಾಳಿಗೆಯಲ್ಲಿ ಒಂದು ಕಾಫಿ ಅಂಗಡಿ ಇದೆ. ಅಲ್ಲಿ ಮನುಷ್ಯ, ಯಂತ್ರ ಎಂದು ಭೇದ ಮಾಡುವಂತಿಲ್ಲ. ಒಳಗೆ ಬಂದ ಯಂತ್ರದ ತಲೆಯ ಮೇಲೆ ಉಂಗುರ ಇರುವುದಿಲ್ಲ. ಒಂದು ಕಂತಿನಲ್ಲಿ ತಗಡಿನ ಮೈ ಕಾಣುತ್ತಿರುವ ಹಳೇ ಮಾದರಿಯ ರೋಬಾಟ್ ಒಂದು ಬಂದು ಕೂರುತ್ತದೆ. ಯಾರು ನೋಡಿದರೂ ಯಂತ್ರ ಎಂದು ಗೊತ್ತಾಗುತ್ತದೆ, ಆದರೂ ಅದು ಮನುಷ್ಯನ ಹಾಗೆ ನಟಿಸುತ್ತದೆ. ಅಲ್ಲಿ ಕೂತ ಇಬ್ಬರು ಹುಡುಗರು ಬೆವರುತ್ತಾ, ನಗು ತಡೆಯುತ್ತಾ, ನಿಯಮಕ್ಕೆ ಕಟ್ಟುಬಿದ್ದು ಆ ನಟನೆಗೆ ಒಗ್ಗಿಕೊಳ್ಳುತ್ತಾರೆ. ಯಜಮಾನರು ಎಲ್ಲೋ ಬಿಟ್ಟುಹೋದ ಯಂತ್ರ ಅದು; ಸ್ವಲ್ಪ ಹೊತ್ತಿಗೆ ಅಲ್ಲೇ ಕೆಟ್ಟು ನಿಂತುಬಿಡುತ್ತದೆ.

"ಸಾಯೋ ಮುಂಚೆ ಯಾರಾದರೂ ಅವನನ್ನ ಗಿರಾಕಿ ಅಂತ ಮಾತಾಡಿಸಿದರಲ್ಲ," ಎಂದರು ದೊಡ್ಡಮ್ಮ. "ಸಾಕು."

"ಅದು ಬಿಡಿ, ಕೊನೆಯ ಕಂತು ಕೇಳಿ. ಆ ಇಬ್ಬರು ಹುಡುಗರಲ್ಲಿ ಒಬ್ಬ ಮಸಾಕಿ. ಚಿಕ್ಕಂದಿನಲ್ಲಿ ಅವನನ್ನ ನೋಡಿಕೊಂಡದ್ದು ಟೆಕ್ಸ್ ಅನ್ನೋ ರೋಬಾಟ್. ಹುಡುಗ ಯಂತ್ರವನ್ನ ಹಚ್ಚಿಕೊಂಡ ಅಂತ ಅಪ್ಪನಿಗೆ ಸಿಟ್ಟು, ಇನ್ಮೇಲೆ ಅವನ ಜೊತೆ ಮಾತಾಡಬೇಡ ಅಂತ ಟೆಕ್ಸ್‌ಗೆ ಆಜ್ಞೆ ಮಾಡ್ತಾನೆ. ಅವತ್ತಿಂದ ಟೆಕ್ಸ್ ಬಾಯಿ ಬಿಡಲಿಲ್ಲ. ಹುಡುಗ ಅತ್ತ, ಬೈದ, ಬೇಡಿಕೊಂಡ. ಮಾತಿಲ್ಲ. ವರ್ಷಗಟ್ಟಲೆ ಅದೇ ಮನೇಲಿ, ಮೂಲೇಲಿ. ಕೊನೆಗೆ ಮಸಾಕಿಗೆ ಅಪಾಯ ಬಂದ ಹೊತ್ತಲ್ಲಿ ಟೆಕ್ಸ್ ಅಡ್ಡ ಬಂದು ನಿಂತು ಮಾತಾಡುತ್ತೆ."

"ಆಜ್ಞೆ ಮೀರಿತು."

"ಮೀರಲಿಲ್ಲ! ಅದೇ ನನಗೆ ಏಟು. ಐಸಾಕ್ ಅಸಿಮೋವ್ 1942ರಲ್ಲಿ ಒಂದು ಕಥೆಗೆ ಅಂತ ಬರೆದ ಮೂರು ನಿಯಮಗಳೇ ಆ ಲೋಕದ ಕಾನೂನು. ಮೊದಲನೇದು, ಮನುಷ್ಯನಿಗೆ ಕೇಡಾಗಲು ಬಿಡಬಾರದು. ಎರಡನೇದು, ಮನುಷ್ಯ ಹೇಳಿದ್ದು ಕೇಳಬೇಕು, ಮೊದಲನೇದಕ್ಕೆ ವಿರುದ್ಧ ಆಗದಿದ್ದರೆ ಮಾತ್ರ. ಮೂರನೇದು ತನ್ನ ರಕ್ಷಣೆ. ಟೆಕ್ಸ್ ಸುಮ್ಮನಿದ್ದದ್ದು ಎರಡನೇ ನಿಯಮದಂತೆ, ಮಾತಾಡಿದ್ದು ಮೊದಲನೇ ನಿಯಮದಂತೆ. ಎರಡೂ ಕಾನೂನೇ."

ದೊಡ್ಡಮ್ಮ ಗೆದ್ದವರಂತೆ ಬೀಗಲಿಲ್ಲ. "ಆ ಅಪ್ಪ ಮಗನಿಗೆ ಕೇಡು ಮಾಡ್ತಿದ್ದ ಅಷ್ಟು ವರ್ಷವೂ. ಮಾತಾಡಿಸದೆ ಇರೋದು ಕೇಡಲ್ವಾ? ಯಂತ್ರಕ್ಕೆ ಅದು ಅಪಾಯ ಅಂತ ಕಾಣಲಿಲ್ಲ. ಕಾನೂನು ಬರೆದವನಿಗೂ ಕಾಣಲಿಲ್ಲ. ನಮ್ಮ ಚಾರ್ಟಿನಲ್ಲೂ ಹಾಗೇ, ಹುಣ್ಣಿಗೆ ಕಾಲಂ ಇರುತ್ತೆ, ಒಂಟಿತನಕ್ಕೆ ಇರೋದಿಲ್ಲ."

ಯಂತ್ರಕ್ಕೆ ಮನುಷ್ಯರು ದಯೆ ತೋರುವುದು ಜಪಾನಿನಲ್ಲಿ ಕಥೆಯಾಚೆಗೂ ಇದೆ. ಫೆಬ್ರವರಿ 8ರಂದು ಹಲವು ಕಡೆ ಮುರಿದ ಹೊಲಿಗೆ ಸೂಜಿಗಳನ್ನು ದೇವಸ್ಥಾನಕ್ಕೆ ಒಯ್ದು, ಮೆತ್ತಗಿನ ತೋಫು ಗಡ್ಡೆಯೊಳಗೆ ಚುಚ್ಚಿ ಇಡುತ್ತಾರೆ. ಜೀವನವಿಡೀ ಗಟ್ಟಿ ಬಟ್ಟೆ ಹೊಲಿದ ಸೂಜಿಗೆ ಕೊನೆಗಾದರೂ ಮೆತ್ತಗಿನ ಜಾಗ ಸಿಗಲಿ ಎಂದು. ಸೋನಿ ಕಂಪನಿಯ ನಾಯಿ ರೋಬಾಟ್ ಐಬೊ 1999ರಲ್ಲಿ ಮಾರುಕಟ್ಟೆಗೆ ಬಂದು 2006ರಲ್ಲಿ ನಿಂತಿತು. 2014ರಲ್ಲಿ ರಿಪೇರಿ ಸೇವೆಯೂ ನಿಂತಾಗ, ಕೆಟ್ಟುಹೋದ ಐಬೊಗಳಿಗೆ ಚಿಬಾ ಪ್ರಾಂತ್ಯದ ಇಸುಮಿಯ ಕೊಫುಕುಜಿ ದೇವಾಲಯದಲ್ಲಿ ಬೌದ್ಧ ಕ್ರಮದ ಉತ್ತರಕ್ರಿಯೆ ಶುರುವಾಯಿತು. ಸಾಲಾಗಿ ಕೂರಿಸಿದ ಪ್ಲಾಸ್ಟಿಕ್ ನಾಯಿಗಳು, ಒಂದೊಂದರ ಕೊರಳಿಗೂ ಊರು, ಮನೆತನದ ಚೀಟಿ, ಎದುರಿಗೆ ಮಂತ್ರ ಹೇಳುವ ಪೂಜಾರಿ. ಕ್ರಿಯೆ ಮುಗಿದ ಮೇಲೆ ಅವುಗಳ ಬಿಡಿಭಾಗಗಳನ್ನು ತೆಗೆದು ಇನ್ನೂ ಓಡಾಡುತ್ತಿರುವ ಐಬೊಗಳಿಗೆ ಜೋಡಿಸುತ್ತಾರೆ.

"ಅಂಗಾಂಗ ದಾನ," ಎಂದರು ದೊಡ್ಡಮ್ಮ, ಇದನ್ನು ಕೇಳಿ. "ನಾವು ಆಯುಧಪೂಜೆ ಮಾಡೋದು ದುಡಿಯೋ ಯಂತ್ರಕ್ಕೆ. ಕೆಟ್ಟದ್ದು ಗುಜರಿಗೆ ಹೋಗುತ್ತೆ."

ಹುಡುಗಿ ಕೊನೆಗೆಂದು ಉಳಿಸಿಕೊಂಡಿದ್ದು 'ಪ್ಲುಟೊ'. ತೆಜುಕಾನ ಅತೊಮ್ ಸರಣಿಯಲ್ಲಿ 1964ರಲ್ಲಿ ಶುರುವಾದ ಒಂದು ಅಧ್ಯಾಯವನ್ನು ನಾವೊಕಿ ಉರಾಸಾವಾ 2003ರಿಂದ 2009ರವರೆಗೆ ದೊಡ್ಡವರ ಪತ್ತೇದಾರಿ ಕಥೆಯಾಗಿ ಮತ್ತೆ ಬರೆದ. 2023ರಲ್ಲಿ ಎಂಟು ಕಂತುಗಳ ಅನಿಮೆಯಾಗಿ ನೆಟ್‌ಫ್ಲಿಕ್ಸ್‌ಗೆ ಬಂತು. ಜಗತ್ತಿನ ಏಳು ಮಹಾ ರೋಬಾಟ್‌ಗಳನ್ನು ಯಾರೋ ಒಂದೊಂದಾಗಿ ನಾಶ ಮಾಡುತ್ತಿದ್ದಾರೆ. ತನಿಖೆ ಮಾಡುವ ಜರ್ಮನ್ ಪತ್ತೇದಾರ ಗೆಸಿಕ್ಟ್ ಆ ಏಳರಲ್ಲಿ ಒಬ್ಬ. ಮೊದಲ ಕಂತಿನಲ್ಲೇ, ಮುಖ್ಯ ಕಥೆಗೆ ಅಡ್ಡ ದಾರಿಯಂತೆ ಕಾಣುವ ಒಂದು ಸಣ್ಣ ಪ್ರಸಂಗ ಬರುತ್ತದೆ. ಆರೋಪಿಯನ್ನು ಅಟ್ಟಿಸಿಕೊಂಡು ಹೋದ ಪೊಲೀಸ್ ರೋಬಾಟ್ ಒಂದು ನಾಶವಾಗುತ್ತದೆ. ಗೆಸಿಕ್ಟ್ ಸುದ್ದಿ ಹೇಳಲು ಅದರ ಮನೆಗೆ ಹೋಗುತ್ತಾನೆ. ಬಾಗಿಲು ತೆಗೆಯುವವಳು ಹೆಂಡತಿ. ಅವಳೂ ರೋಬಾಟ್, ತೀರ ಹಳೆಯ ಮನೆಗೆಲಸದ ಮಾದರಿ.

ಹುಡುಗಿ ಆ ದೃಶ್ಯವನ್ನು ತೆರೆದು ಅಲ್ಲಲ್ಲಿ ನಿಲ್ಲಿಸುತ್ತಾ ತೋರಿಸಿದಳು. "ಅವಳ ಮುಖ ನೋಡಿ. ಹುಬ್ಬಿಲ್ಲ, ರೆಪ್ಪೆಯಿಲ್ಲ, ತುಟಿಯಿಲ್ಲ. ಅಳೋದಕ್ಕೆ ಬೇಕಾದ ಒಂದು ಭಾಗವನ್ನೂ ಅವಳಿಗೆ ಜೋಡಿಸಿಲ್ಲ. ನಮ್ಮ ಕೆಲಸದಲ್ಲಿ ಇಂಥ ಮುಖ ಸಿಕ್ಕರೆ ಹಬ್ಬ, ಬರೆಯೋಕೆ ಏನೂ ಇಲ್ಲ. ಸಾಮಾನ್ಯವಾಗಿ ಸೆಕೆಂಡಿಗೆ 24 ಫ್ರೇಮಿಗೆ ಎಂಟು ಚಿತ್ರ ಬರೀತೀವಿ. ಇಲ್ಲಿ ಒಂದೇ ಚಿತ್ರ ಹಿಡಿದು ನಿಲ್ಲಿಸಿದ್ದಾರೆ. ಅವಳು ಸುದ್ದಿ ಕೇಳ್ತಾಳೆ. ಮುಖ ಹಾಗೇ ಇದೆ. ಚಹಾ ಕೊಡಲಾ ಅನ್ನೋ ಹೊತ್ತಿಗೆ ಇರೋ ಮುಖವೇ ವಿಧವೆಯಾದ ಮೇಲೂ. ತೆಜುಕಾ ದುಡ್ಡಿಲ್ಲದೆ ಮಾಡಿದ್ದನ್ನ ಇವರು ಬೇಕು ಅಂತ ಮಾಡಿದ್ದಾರೆ."

"ಅವನು ಏನೋ ಕೇಳಿದನಲ್ಲ ಅವಳನ್ನ?"

"ನಿನ್ನ ಗಂಡನ ನೆನಪನ್ನ ಬೇಕಿದ್ದರೆ ಅಳಿಸಿಬಿಡಬಹುದು ಅಂತಾನೆ. ನೋವು ಇರೋದಿಲ್ಲ. ಯಂತ್ರ ಅಲ್ವಾ, ಸಾಧ್ಯ ಇದೆ. ಅವಳು ಬೇಡ ಅಂತಾಳೆ."

ದೊಡ್ಡಮ್ಮ ಇದನ್ನು ಎರಡನೇ ಸಲ ಹಾಕಿಸಿಕೊಂಡು ನೋಡಿದರು. "ಇದು ಸರಿ," ಎಂದರು. "ಇವನೂ ಡ್ಯೂಟಿಯ ಮೇಲೇ ಬಂದವನು. ಎದೆ ಕದಲಿತೋ ಇಲ್ಲವೋ ನನಗೆ ಬೇಡ. ಅಳಿಸೋ ಶಕ್ತಿ ಇತ್ತು, ಅಳಿಸೋದೇ ಒಳ್ಳೇದು ಅಂತ ಅವನ ಬುದ್ಧಿಗೆ ಕಂಡಿರಲೂಬಹುದು. ಆದರೂ ಕೇಳಿದ. ಅವಳು ಬೇಡ ಅಂದಮೇಲೆ ಸುಮ್ಮನಾದ."

ಹುಡುಗಿ ಇದಕ್ಕೇ ಕಾಯುತ್ತಿದ್ದಳು. "ಹಾಗಾದರೆ ಡಾಕ್ಟರ್ ಒಝಾಕಿ? ನಿಯಮ, ಚಾರ್ಟು ಅಂತೀರಲ್ಲ, ಶಿಕಿಯಲ್ಲಿ ಅವನಷ್ಟು ಶಿಸ್ತಿನವನು ಇನ್ನೊಬ್ಬನಿಲ್ಲ."

ಒಝಾಕಿಯ ಹೆಂಡತಿಯೂ ಸತ್ತು ಪಿಶಾಚಿಯಾಗಿ ಏಳುತ್ತಾಳೆ. ಅವನು ಅವಳನ್ನು ಕ್ಲಿನಿಕ್ಕಿನ ಮೇಜಿಗೆ ಕಟ್ಟಿ ಪ್ರಯೋಗ ಮಾಡುತ್ತಾನೆ. ಯಾವ ಔಷಧಕ್ಕೆ ಏನಾಗುತ್ತದೆ, ಎಲ್ಲಿ ಕೊಯ್ದರೆ ಎಷ್ಟು ಹೊತ್ತಿಗೆ ಕೂಡಿಕೊಳ್ಳುತ್ತದೆ, ಯಾವುದಕ್ಕೆ ಸಾಯುತ್ತಾಳೆ. ಅವಳಿಗೆ ಎಲ್ಲವೂ ಗೊತ್ತಾಗುತ್ತಿರುತ್ತದೆ. ಕೊನೆಗೆ ಎದೆಗೆ ಗೂಟ. ಊರಲ್ಲಿ ಉಳಿದವರು ಬದುಕಿದ್ದಕ್ಕೆ ಆ ಪ್ರಯೋಗವೂ ಒಂದು ಕಾರಣ.

"ಅವನ ಹೆಸರು ಎತ್ತಬೇಡ," ಎಂದರು ದೊಡ್ಡಮ್ಮ.

"ಊರು ಉಳೀತಲ್ಲ?"

"ಉಳೀಲಿ. ಮೇಜಿನ ಮೇಲಿದ್ದವಳಿಗೆ ಬಾಯಿತ್ತು, ಭಾಷೆ ಇತ್ತು. ಅವಳನ್ನ ಒಂದು ಮಾತು ಕೇಳಲಿಲ್ಲ ಅವನು. ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸಿಕೊಳ್ಳೋದು ಕೋರ್ಟಿನ ಭಯಕ್ಕೆ ಅಂತ ಎಲ್ಲರೂ ತಿಳಿದಿದ್ದಾರೆ. ನಿಯಮಗಳಲ್ಲಿ ದೊಡ್ಡದು ಅದೇ. ಉಳಿದ ಚಾರ್ಟೆಲ್ಲ ಅದಾದ ಮೇಲೆ."

"ಕೇಳೋಕೆ ಆಗದವರನ್ನ? ಸಾಯಾ ಕೇಳಲಿಲ್ಲ ಅಂತ ಆಗ ತಪ್ಪು ಹೊರಿಸಿದ್ರಿ. ಆ ಪಿಶಾಚಿ ಉತ್ತರ ಕೊಡೋ ಸ್ಥಿತೀಲಿ ಇರಲಿಲ್ಲ. ನಿಮ್ಮ ವಾರ್ಡಿನಲ್ಲೂ ಇರ್ತಾರೆ ಅಂಥವರು."

ದೊಡ್ಡಮ್ಮ ತುಸು ಹೊತ್ತು ತಡೆದು, ಅರುಣಾ ಶಾನಭಾಗರ ಮಾತೆತ್ತಿದರು. ಉತ್ತರ ಕನ್ನಡದ ಹಳದೀಪುರದವರು, ಮುಂಬೈಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರಿನಲ್ಲಿ ನಡೆದ ಕ್ರೂರ ಹಲ್ಲೆಯ ನಂತರ ಮೇಲೇಳಲಿಲ್ಲ, ಮಾತಾಡಲಿಲ್ಲ. ಅದೇ ಆಸ್ಪತ್ರೆಯ ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಅವರನ್ನು ನೋವಿನಿಂದ ಬಿಡುಗಡೆ ಮಾಡಿ ಎಂದು ಲೇಖಕಿ ಪಿಂಕಿ ವಿರಾನಿ ಹೂಡಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 2011ರ ಮಾರ್ಚ್ 7ರಂದು ತಳ್ಳಿಹಾಕಿತು. ಅವರ ಪರವಾಗಿ ಮಾತಾಡಬೇಕಾದವರು ಆಸ್ಪತ್ರೆಯ ಸಿಬ್ಬಂದಿ ಎಂದಿತು. ಅದೇ ತೀರ್ಪು, ಬೇರೆ ಪ್ರಕರಣಗಳಲ್ಲಿ ಕಟ್ಟುನಿಟ್ಟಾದ ಕ್ರಮದಂತೆ ಜೀವಾಧಾರ ಹಿಂತೆಗೆಯಲು ಬಾಗಿಲು ತೆರೆಯಿತು. ಅರುಣಾ 2015ರ ಮೇ 18ರಂದು ನ್ಯುಮೋನಿಯಾದಿಂದ ತೀರಿಕೊಂಡರು.

"ಆ ನರ್ಸುಗಳು ಮಾಡಿದ್ದೂ ದಯೆ. ಅರ್ಜಿ ಹಾಕಿದವರು ಕೇಳಿದ್ದೂ ದಯೆಯನ್ನೇ," ಎಂದರು. "ನಾನು ಆಗ ನರ್ಸುಗಳ ಕಡೆ. ಈಗಲೂ ಆ ಕಡೆಯೇ, ಆದರೆ ಆಗಿನಷ್ಟು ಜೋರಾಗಿ ಹೇಳಲಾರೆ."

ತೆಜುಕಾ ಅದೇ 1973ರಲ್ಲಿ 'ಬ್ಲ್ಯಾಕ್ ಜ್ಯಾಕ್' ಶುರುಮಾಡಿದ ಎಂದಳು ಹುಡುಗಿ. ಪರವಾನಗಿ ಇಲ್ಲದ ಮಹಾ ಸರ್ಜನ್ ಒಬ್ಬನ ಕಥೆ. ಅದರಲ್ಲಿ ಅವನಿಗೆ ಎದುರಾಳಿಯಾಗಿ ಬರುವ ಡಾಕ್ಟರ್ ಕಿರಿಕೊ ಯುದ್ಧಭೂಮಿಯಲ್ಲಿ ಗಾಯಾಳುಗಳ ನರಳಾಟ ನೋಡಿ, ವಾಸಿಯಾಗದವರಿಗೆ ನೋವಿಲ್ಲದ ಸಾವು ಕೊಡುವುದನ್ನೇ ಕಸುಬು ಮಾಡಿಕೊಂಡವನು. ತೆಜುಕಾ ಇಬ್ಬರಲ್ಲಿ ಯಾರನ್ನೂ ಪೂರ್ತಿ ಗೆಲ್ಲಿಸುವುದಿಲ್ಲ.

"ಇಬ್ಬರ ನಡುವೆ ರೋಗಿ ಸಿಕ್ಕಿಹಾಕಿಕೊಳ್ತಾನೆ," ಎಂದ ದೊಡ್ಡಮ್ಮ ಎದ್ದು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಫೈಲು ತಂದರು. 2018ರಲ್ಲಿ ಸುಪ್ರೀಂ ಕೋರ್ಟು ಜೀವಂತ ಉಯಿಲಿಗೆ ಒಪ್ಪಿಗೆ ಕೊಟ್ಟಿತು, 2023ರಲ್ಲಿ ಅದರ ಕ್ರಮವನ್ನು ಸರಳ ಮಾಡಿತು, 2025ರ ಜನವರಿಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಅದನ್ನು ಜಾರಿಗೆ ತರಲು ಆದೇಶ ಹೊರಡಿಸಿತು. ಇಬ್ಬರು ಸಾಕ್ಷಿಗಳು ಬೇಕು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಸಹಿ ಆಗಬೇಕು. ತನಗೆ ಮಾತು ನಿಂತ ಮೇಲೆ ತನ್ನ ಪರವಾಗಿ ಯಾರು ಮಾತಾಡಬೇಕೆಂದು ಹೆಸರು ಬರೆಯಬೇಕು. ಹಾಳೆಯಲ್ಲಿ ಉಳಿದದ್ದೆಲ್ಲ ದೊಡ್ಡಮ್ಮನ ಉರುಟು ಅಕ್ಷರದಲ್ಲಿ ತುಂಬಿತ್ತು, ಆ ಜಾಗ ಖಾಲಿ ಇತ್ತು.

"ನಿನ್ನ ಹೆಸರು ಹಾಕಲಾ?"

ಹುಡುಗಿ ಹಾಳೆಯನ್ನು ತಿರುಗಿಸಿಕೊಂಡು ಓದಿದಳು. "ನಾನು ಒಪ್ಪದಿದ್ದರೆ?"

"ನಿನ್ನ ತಮ್ಮನನ್ನ ಕೇಳ್ತೀನಿ. ಅವನು ಪಿಶಾಚಿ ನೋಡಿದರೆ ಎದ್ದು ಹೋಗ್ತಾನೆ, ಅದಕ್ಕೇ ಮೊದಲು ನಿನ್ನ ಹತ್ತಿರ ಬಂದೆ. ಓದು, ಅವಸರ ಇಲ್ಲ. ನೋಟರಿ ಸೋಮವಾರದ ತನಕ ರಜೆ."